ಹೊಸ ಬಾಗಲಾ, ಹಳೇ ಬಣ್ಣ

ಭಾಗ 1/8 | ಯಾವುದು ಹಳೇದು?

ಫೋಟೋದಾಗ ಎರಡು ಹಲಗಿ ಅದಾವ. ಎರಡೂ ಕಪ್ಪು-ಬೂದಿ ಬಣ್ಣ, ಎರಡರಾಗೂ ಬಿರುಕು, ಎರಡರ ಮೂಲ್ಯಾಗೂ ನೀಲಿ ಬಣ್ಣದ ಚೂರು ಅಂಟಿಕೊಂಡೈತಿ. ಒಂದು ನಮ್ಮ ಓಣ್ಯಾಗ ಕೆಡವಿದ ಮನೆಯ ಬಾಗಲದ್ದು. ಇನ್ನೊಂದು ಹೋದ ತಿಂಗಳು ಸಾಮಿಲ್ಲಿನಿಂದ ತಂದ ಹೊಸ ಕಟ್ಟಿಗಿ. ಯಾವುದು ಯಾವುದು ಅಂತ ಈಗಲೇ ಮನಸ್ಸಿನಾಗ ಗಟ್ಟಿ ಮಾಡಿಕೊಳ್ರಿ. ಉತ್ತರ ಕೊನೇ ಭಾಗದಾಗ.

ಈ ಸರಣಿ ಶುರು ಆಗಿದ್ದು ನಮ್ಮ ಕಾಕಾನಿಂದ. ಅವರು ಬಾಳೆಹೊಸೂರಾಗ ಬಡಿಗತನ ಮಾಡ್ತಾರ. ಹೋದ ತಿಂಗಳು ಹೊರಗಿನ ಗಿರಾಕಿ ಒಬ್ಬರು ಬಂದು ಆರು ಬಾಗಲಾ ಆರ್ಡರ್ ಕೊಟ್ಟರು. ಒಂದೇ ಷರತ್ತು: ಬಾಗಲಾ ನೂರು ವರ್ಷ ಹಳೇದು ಕಾಣಬೇಕು. ಅದರಾಗ ತಪ್ಪೇನೂ ಇಲ್ಲ ಅನ್ಕೊಂಡ್ರಿ? ನಾನೂ ಹಂಗ ಅನ್ಕೊಂಡೆ. ಆಮ್ಯಾಲೆ ಅವರು ಇನ್ನೊಂದು ಮಾತು ಸೇರಿಸಿದರು: "ಯಾರಾದರೂ ಕೇಳಿದ್ರ, ಹಳೇ ವಾಡೇದಿಂದ ತೆಗೆದಿದ್ದು ಅಂತ ಹೇಳಬೇಕು."

ಅವತ್ತು ರಾತ್ರಿ ಊಟಕ್ಕ ಕೂತಾಗ ಕಾಕಾ ನನ್ನ ಕೇಳಿದರು: "ನೀ ಕಾಮರ್ಸ್ ಓದ್ತಿ. ಇದು ಕಸಬೋ, ಮೋಸಾನೋ, ಹೇಳು." ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಾಕ ಕೂತೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ.

ಭಾಗ 2/8 | ಕಟ್ಟಿಗಿ ಮುಪ್ಪಾಗೋದು ಹ್ಯಾಂಗ

ನಕಲಿ ತಿಳಿಯಬೇಕಂದ್ರ ಮೊದಲು ಅಸಲಿ ತಿಳಿಯಬೇಕು.

ಕಟ್ಟಿಗೆಯೊಳಗೆ ನಾರನ್ನು ನಾರಿಗೆ ಅಂಟಿಸಿ ಹಿಡಿಯುವ ಒಂದು ಪದಾರ್ಥವಿದೆ, ಹೆಸರು ಲಿಗ್ನಿನ್. ಬಿಸಿಲಿನ ನೇರಳಾತೀತ ಕಿರಣಗಳು ಮೊದಲು ಒಡೆಯುವುದು ಇದನ್ನೇ. ಒಡೆದ ಲಿಗ್ನಿನ್ ಮಳೆಯಲ್ಲಿ ತೊಳೆದು ಹೋಗುತ್ತದೆ, ಬಿಳಿಚಿದ ನಾರು ಉಳಿಯುತ್ತದೆ. ಅದರ ಮೇಲೆ ಸಣ್ಣ ಬೂಷ್ಟು ಬೆಳೆದಾಗ ನಾವು ನೋಡುವ ಬೂದಿ ಬಣ್ಣ ಬರುತ್ತದೆ. ಕಟ್ಟಿಗೆಯ ಮೆತ್ತನೆಯ ಗೆರೆ ಬೇಗ ಸವೆಯುತ್ತದೆ, ಗಟ್ಟಿ ಗೆರೆ ಉಬ್ಬಿ ನಿಲ್ಲುತ್ತದೆ. ಹಳೇ ಬಂಡಿಯ ಮೇಲೆ ಕೈ ಆಡಿಸಿದರೆ ಏರುತಗ್ಗು ಹತ್ತೋದು ಇದಕ್ಕ. ಈ ಸವೆತ ಬಹಳ ನಿಧಾನ. ಪೈನ್‌ನಂಥ ಮೆತ್ತನೆಯ ಕಟ್ಟಿಗೆ ಬಯಲಲ್ಲಿ ನಿಂತರೂ ನೂರು ವರ್ಷಕ್ಕೆ ಸವೆಯುವುದು ಸುಮಾರು 6 ಮಿಲಿಮೀಟರ್. ಗಟ್ಟಿ ಕಟ್ಟಿಗೆಗೆ ಅದಕ್ಕಿಂತಲೂ ಕಡಿಮೆ.

ಇದು ಮನೆ ಹೊರಗಿನ ಮುಪ್ಪು. ಮನೆ ಒಳಗಿನ ಮುಪ್ಪು ಬ್ಯಾರೆ. ಅಲ್ಲಿ ಬಿಸಿಲಿಲ್ಲ, ಮಳೆಯಿಲ್ಲ. ಒಲಿ ಹೊಗಿ, ದೀಪದ ಮಸಿ, ಎಣ್ಣಿ ಕೈ ಇರ್ತಾವ. ಹಂಗಾಗಿ ಜಂತಿ ಕರ್ರಗ ಆಗ್ತಾವ, ಅಗಳಿ ಹತ್ತಿರ ಬಾಗಲಾ ಕನ್ನಡಿಯಂಗ ಹೊಳೀತೈತಿ, ಹೊಸ್ತಿಲು ನಟ್ಟನಡುವೆ ತಗ್ಗು ಬೀಳ್ತೈತಿ. ಯಾಕ ನಡುವೆ? ಕಾಲಿಡೋದು ಅಲ್ಲೇ.

ಈ ಮಾತು ನೆನಪಿರಲಿ. ನಿಜವಾದ ಸವೆತಕ್ಕೆ ಯಾವಾಗಲೂ ಒಂದು ಕಾರಣ ಇರ್ತೈತಿ.

ಭಾಗ 3/8 | ಕಟ್ಟಿಗಿ ವೇಷ ಹಾಕಿದ ಕಲ್ಲು

ಒಂದು ವಸ್ತುವನ್ನ ಇನ್ನೊಂದರಂಗ ಕಾಣಿಸೋದು ಇವತ್ತಿನ ಚಾಳಿ ಅಲ್ಲ.

ಪ್ರಾಚೀನ ಈಜಿಪ್ಟಿನಲ್ಲಿ ಒಳ್ಳೆಯ ಮರ ಅಪರೂಪವಾಗಿತ್ತು. ಹಾಗಾಗಿ ಸಾಮಾನ್ಯ ಕಟ್ಟಿಗೆಯ ಮೇಲೆ ಬೆಲೆಬಾಳುವ ಮರದ ನಾರು ಕಾಣುವಂತೆ ಬಣ್ಣ ಬಳಿಯುತ್ತಿದ್ದರು. ನಮ್ಮ ದೇಶದ್ದು ಬೇಕಾ? ಬಿಹಾರದ ಬರಾಬರ್ ಗುಡ್ಡದ ಲೋಮಸ ಋಷಿ ಗುಹೆ ನೋಡ್ರಿ. ಕ್ರಿಸ್ತಪೂರ್ವ 3ನೇ ಶತಮಾನದ್ದು, ಮೌರ್ಯರ ಕಾಲ. ಬಾಗಿಲು ಕೊರೆದದ್ದು ಬಂಡೆಯಲ್ಲಿ, ಆದರೆ ಆಕಾರ ಮಾತ್ರ ತೊಲೆ ಬಾಗಿಸಿ ಕಟ್ಟಿದ ಗುಡಿಸಲಿನದು. ಐಹೊಳೆಯ ಲಾಡ್‌ಖಾನ್ ಗುಡಿಯ ಮಾಳಿಗೆ ಮೇಲೆ ಚಪ್ಪಡಿ ಕೂಡುವ ಕಡೆಯೆಲ್ಲ ಉದ್ದುದ್ದ ಕಲ್ಲಿನ ಪಟ್ಟಿಗಳಿವೆ, ಮರದ ದಿಮ್ಮಿ ಹಾಸಿದಂತೆ.

ಇನ್ನೂ ಹತ್ತಿರ ಬರ್ರಿ. ನಮ್ಮ ಗದಗ ಜಿಲ್ಲಾದ್ದೇ ಲಕ್ಕುಂಡಿ. ಅಲ್ಲಿನ ಕಂಬಗಳು ತಿರುಗಣಿಗೆ ಕೊಟ್ಟು ತಿರುವಿದಂಗ ನುಣುಪು, ಬಳೆ ಬಳೆ. ತೊಟ್ಟಿಲ ಕಾಲು ತಿರುವೋ ಕೆಲಸವನ್ನ ಕಲ್ಲಿನ ಮ್ಯಾಲೆ ಮಾಡಿದಂಗ.

ಇವರು ಯಾರಿಗೂ ಮೋಸ ಮಾಡಲಿಲ್ಲ. ಅದು ಕಲ್ಲು ಅಂತ ಎಲ್ಲರಿಗೂ ಗೊತ್ತಿತ್ತು. ಅಪ್ಪ ಕಟ್ಟಿಗೆಯಲ್ಲಿ ಕಟ್ಟಿದ ಆಕಾರವನ್ನು ಮಗ ಕಲ್ಲಿನಲ್ಲಿ ಮುಂದುವರಿಸಿದ, ಅಷ್ಟೇ. ನಾನು ಕಾಕಾಗ ಕೊಟ್ಟ ಮೊದಲ ಉತ್ತರ ಇದು: ವೇಷ ಹಾಕೋದು ತಪ್ಪಲ್ಲ. ಅವರು ತಲಿ ಅಲ್ಲಾಡಿಸಿದರು. "ಕಲ್ಲು ತನ್ನ ವಯಸ್ಸು ಸುಳ್ಳು ಹೇಳಲಿಲ್ಲಲ್ಲ" ಅಂದರು.

ಭಾಗ 4/8 | ಮೊಳಿ, ವಿನೆಗರ್, ಚಹಾ

ಈಗ ಕೆಲಸದ ಮಾತು. ಹೊಸ ಕಟ್ಟಿಗಿ ಕಪ್ಪಾಗೋದು ಹ್ಯಾಂಗ?

ತುಕ್ಕು ಹಿಡಿದ ಮೊಳಿ ಅಥವಾ ಪಾತ್ರೆ ತಿಕ್ಕೋ ಕಬ್ಬಿಣದ ನಾರನ್ನ ವಿನೆಗರಿನಾಗ ನಾಲ್ಕೈದು ದಿನ ನೆನೆ ಇಡಬೇಕು. ಮುಚ್ಚಳ ಬಿಗಿ ಮಾಡಬ್ಯಾಡ್ರಿ, ಒಳಗ ಗ್ಯಾಸ್ ಹುಟ್ಟತೈತಿ. ಆ ನೀರನ್ನು ಕಟ್ಟಿಗೆಗೆ ಹಚ್ಚಿದರೆ, ಅದರೊಳಗಿನ ಕಬ್ಬಿಣ ಕಟ್ಟಿಗೆಯ ಟ್ಯಾನಿನ್ ಜೊತೆ ಸೇರಿ ಕಪ್ಪಾಗುತ್ತದೆ. ಟ್ಯಾನಿನ್ ಅಂದರೆ ಚಹಾ ಕುಡಿದಾಗ ನಾಲಿಗೆ ಒಗರಾಗುವುದಕ್ಕೆ ಕಾರಣವಾದ ಅಂಶ. ಕಟ್ಟಿಗೆಯಲ್ಲಿ ಅದು ಕಡಿಮೆ ಇದ್ದರೆ ಮೊದಲು ಗಟ್ಟಿ ಚಹಾದ ಡಿಕಾಕ್ಷನ್ ಬಳಿದು ಒಣಗಿಸುತ್ತಾರೆ. ಜಾಲಿ ತೊಗಟೆಯಲ್ಲಂತೂ ಟ್ಯಾನಿನ್ ತುಂಬಿದೆ, ಚರ್ಮ ಹದ ಮಾಡಲು ಬಳಸಿದ್ದು ಅದಕ್ಕೇ. ಜಾಲಿ ಕಟ್ಟಿಗಿ ಬಂಡಿಗೆ ಕಬ್ಬಿಣ ತಾಗಿದ ಕಡೆ ಕಪ್ಪು ಕಲೆ ನೋಡಿರಬೇಕಲ್ಲ? ಅದೇ ಇದು.

ಬಾಗಲಾ ಹಳೇದು ಮಾಡೋರು ಹುಟ್ಟಿಸಿದ ವಿದ್ಯೆ ಅಲ್ಲ ಇದು. ಆಂಧ್ರದ ಕಲಂಕಾರಿಯವರು ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಕೊಳೆಸಿ, ಅಳಲೆಕಾಯಿಯ ಒಗರು ಹಿಡಿಸಿದ ಬಟ್ಟೆಯ ಮೇಲೆ ಅದರಿಂದಲೇ ಕಪ್ಪು ಗೆರೆ ಎಳೆಯುತ್ತಾರೆ. ಯುರೋಪಿನವರು ನೂರಾರು ವರ್ಷ ಬರೆದ ಶಾಯಿಯೂ ಕಬ್ಬಿಣ ಮತ್ತು ಟ್ಯಾನಿನ್ನಿನದೇ.

ಬಣ್ಣ ಆದಮೇಲೆ ತಂತಿ ಬ್ರಷ್. ನಾರಿನ ಗುಂಟ ಉಜ್ಜಿದರೆ ಮೆತ್ತನೆಯ ಗೆರೆ ಕಿತ್ತು ಬಂದು ಗಟ್ಟಿ ಗೆರೆ ಉಬ್ಬುತ್ತದೆ. ನೂರು ವರ್ಷದ ಬಿಸಿಲು ಮಳಿ ಮಾಡೋ ಕೆಲಸ ಅರ್ಧ ತಾಸಿನಾಗ. ಕೊನೆಗೆ ಅಗಸಿ ಎಣ್ಣಿ ಒರೆಸಿದರೆ ಮುಗೀತು. ಎಣ್ಣಿ ಒರೆಸಿದ ಅರಿಬಿ ಮುದ್ದಿ ಮಾಡಿ ಒಗೀಬ್ಯಾಡ್ರಿ, ಅದು ತಾನಾಗೇ ಬೆಂಕಿ ಹತ್ತಬಹುದು. ಹರವಿ ಒಣಗಿಸ್ರಿ.

ಭಾಗ 5/8 | ನಮ್ಮವರು ಹಳೇದನ್ನ ಹೊಸದು ಮಾಡಿದರು

ತಮಾಷೆ ಅಂದ್ರ, ನಮ್ಮ ಕಡೆ ನೂರಾರು ವರ್ಷ ನಡೆದದ್ದು ಇದರ ಉಲ್ಟಾ.

ಕೊಪ್ಪಳ ಹತ್ತಿರದ ಕಿನ್ನಾಳಕ್ಕ ಹೋಗ್ರಿ. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆ ಮಾಡುತ್ತಾರೆ. ಸೆಣಬು, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕೂಡಿಸಿದ ಮುದ್ದೆಗೆ ಕಿಟ್ಟ ಅಂತಾರ. ಕಟ್ಟಿಗೆಯ ಕೂಡುಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಮೇಲೆ ಲಾಜವಾರ: ಮೂಲದಲ್ಲಿ ಅದು ತವರ, ಆದರೆ ಗೊಂಬೆಯ ಮೈಮೇಲೆ ಚಿನ್ನದ ಒಡವೆಯಂತೆ ಹೊಳೆಯುತ್ತದೆ. ತವರಕ್ಕೆ ಚಿನ್ನದ ವೇಷ! ಧಾರವಾಡ ಜಿಲ್ಲೆಯ ಕಲಘಟಗಿ ತೊಟ್ಟಿಲಿಗೂ ಅರಗಿನ ಬಣ್ಣ ಹಚ್ಚುವುದು, ಕೂಸಿಗೆ ಮೊಮ್ಮಕ್ಕಳಾದರೂ ಹೊಸದಾಗೇ ಕಾಣಲಿ ಅಂತ.

ನಮ್ಮ ಮನಿ ಬಾಗಲಾ ನೋಡ್ರಿ. ದೀಪಾವಳಿಗೋ ಮದುವಿಗೋ ಮತ್ತೊಂದು ಕೋಟ್ ಬಣ್ಣ. ಹಸಿರಿನ ಮ್ಯಾಲೆ ನೀಲಿ, ನೀಲಿ ಮ್ಯಾಲೆ ಚಾಕಲೇಟ್. ಹಳೇದು ಕಾಣೋದು ಬಡತನದ ಗುರುತಾಗಿತ್ತು. ಈಗ ಪ್ಯಾಟ್ಯಾಗ ಅದೇ ಪದರಗಳನ್ನ ನಕಲು ಮಾಡ್ತಾರ: ಒಂದು ಬಣ್ಣ ಬಳಿದು, ಅಲ್ಲಲ್ಲಿ ಮೇಣದಬತ್ತಿ ಉಜ್ಜಿ, ಮೇಲೆ ಇನ್ನೊಂದು ಬಣ್ಣ ಬಳಿದು ಕೆರೆಯುತ್ತಾರೆ. ಮೇಣ ಇದ್ದ ಕಡೆ ಮೇಲಿನ ಬಣ್ಣ ಹಾರಿ ಕೆಳಗಿನದು ಇಣುಕುತ್ತದೆ.

ನಮ್ಮವ್ವ ಮುಚ್ಚಿಡಾಕ ನೋಡಿದ್ದನ್ನ ಇವರು ರೊಕ್ಕ ಕೊಟ್ಟು ಮಾಡಿಸ್ತಾರ.

ಭಾಗ 6/8 | ಹಳೇದಕ್ಕೆ ಬೆಲೆ ಬಂದಿದ್ದು ಯಾವಾಗ?

ಎಲ್ಲ ವಸ್ತುವೂ ಹೊಸದಾಗಿ, ಒಂದೇ ಅಚ್ಚಿನಲ್ಲಿ ಸಿಗಲು ಶುರುವಾದ ಮೇಲೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಯಂತ್ರದ ಪೀಠೋಪಕರಣ ತುಂಬಿದಾಗ ವಿಲಿಯಂ ಮಾರಿಸ್‌ನಂಥವರು ಕೈಕೆಲಸದ ಪರ ನಿಂತರು. ಅಮೆರಿಕದಲ್ಲಿ ಗುಸ್ತಾವ್ ಸ್ಟಿಕ್ಲಿ ಓಕ್ ಕಟ್ಟಿಗೆಯನ್ನು ಅಮೋನಿಯಾ ಹಬೆಯಲ್ಲಿಟ್ಟು ಕಂದು ಮಾಡಿದ, ಅಲ್ಲೂ ಕೆಲಸ ಮಾಡಿದ್ದು ಟ್ಯಾನಿನ್ನೇ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೇಚಲ್ ಆಶ್‌ವೆಲ್ "ಶ್ಯಾಬಿ ಶಿಕ್" ಅಂಗಡಿ ತೆರೆದ ಮೇಲೆ ಬಣ್ಣ ಹಾರಿದ ಮೇಜು ಫ್ಯಾಶನ್ನೇ ಆಯಿತು.

ನಮ್ಮಲ್ಲಿ ಹಳೇ ಮನೆಗಳು ಬಿಚ್ಚಿಹೋದವು. ಕೆಲವನ್ನು ಮಣಿಪಾಲದ ವಿಜಯನಾಥ ಶೆಣೈ ಅವರು ಒಂದೊಂದೇ ತುಂಡು ಸಾಗಿಸಿ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ಜೋಡಿಸಿದರು. ನಮ್ಮ ಕುಕನೂರಿನ ಕಮಲ ಮಹಲ್ ಈಗ ಇರೋದು ಅಲ್ಲೇ. ಶಿಗ್ಗಾವಿ ಕಡೆಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರದು ಇನ್ನೊಂದು ದಾರಿ. ಉತ್ಸವ ರಾಕ್ ಗಾರ್ಡನ್‌ನಲ್ಲಿ ಅವರು ಹಳೇ ಹಳ್ಳಿ ಬದುಕನ್ನು ಸಿಮೆಂಟಿನಲ್ಲಿ ನಿಲ್ಲಿಸಿದರು. ಅದು ಸಿಮೆಂಟು ಅಂತ ಯಾರೂ ಮುಚ್ಚಿಡಲಿಲ್ಲ.

ಈಗ ಮುಚ್ಚಿಟ್ಟವನ ಕಥಿ. ಆರ್ಮಂಡ್ ಲಾಮೊಂಟೇನ್, ಅಮೆರಿಕದ ಶಿಲ್ಪಿ. ಪರಿಣತರೂ ಮೋಸ ಹೋಗುತ್ತಾರೆ ಎಂದು ತೋರಿಸಲು 1969ರಲ್ಲಿ 17ನೇ ಶತಮಾನದ ಮಾದರಿಯ ಕುರ್ಚಿ ಮಾಡಿದ. ಬಣ್ಣ, ಬ್ಲೀಚು, ಹೊಗೆ ಎಲ್ಲ ಹಿಡಿಸಿ ಮುಪ್ಪು ತರಿಸಿದ. ಕೈಯಿಂದ ಕೈಗೆ ದಾಟಿ 1970ರಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂ ಅದನ್ನು 9,000 ಡಾಲರಿಗೆ ಕೊಂಡಿತು. 1977ರಲ್ಲಿ ಸತ್ಯ ಹೊರಬಂತು. ಎಕ್ಸ್‌ರೇ ತೆಗೆದಾಗ ಕೂಡುಗಳ ಒಳಗೆ ಈಗಿನ ಡ್ರಿಲ್ಲಿನ ತೂತು ಕಂಡವು. ಅವನು ಬೇಕಂತಲೇ ಬಿಟ್ಟ ಗುರುತು ಅದು. ಮ್ಯೂಸಿಯಂ ಕುರ್ಚಿಯನ್ನು ಒಗೆಯಲಿಲ್ಲ, ಪಾಠಕ್ಕಂತ ಇಟ್ಟುಕೊಂಡಿತು.

ಭಾಗ 7/8 | ಬಿಕಾಂನವರ ಪಾಠ

ಗೆಳೆಯರ, ಈಗ ನಮ್ಮ ಸಿಲೆಬಸ್ಸು. ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಪೀಠೋಪಕರಣಕ್ಕೆ 10% ಸವಕಳಿ. 10,000 ರೂಪಾಯಿದು ಮುಂದಿನ ವರ್ಷ 9,000, ಅದರ ಮುಂದಿನ ವರ್ಷ 8,100. ಲೆಕ್ಕದ ಪುಸ್ತಕದಾಗ ವಯಸ್ಸು ಅಂದ್ರ ನಷ್ಟ. ಆಂಟಿಕ್ ಅಂಗಡ್ಯಾಗ ವಯಸ್ಸೇ ಮಾಲು. ಸುಳ್ಳು ವಯಸ್ಸು ಹೇಳಿ ಮಾರಿದ್ರ ಇಲ್ಲದ ಮಾಲು ಮಾರಿದಂಗ.

1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮು ನೆನಪೈತಿ? ವರ್ಣನೆ ಹೇಳಿ ಮಾರಿದರೆ ಸರಕು ಆ ವರ್ಣನೆಗೆ ಹೊಂದಲೇಬೇಕು. ಇನ್ನೊಂದು ನನಗೂ ಹೊಸದು: 1972ರ ಪುರಾವಸ್ತು ಕಾಯ್ದೆ. ನೂರು ವರ್ಷ ತುಂಬಿದ, ಕಟ್ಟಡದಿಂದ ಬಿಡಿಸಿ ತೆಗೆದ ವಸ್ತುವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.

ಅಂದ್ರ ಕಾಕಾನ ಗಿರಾಕಿ ಹೇಳಿಸಬೇಕಂದ ಮಾತು ನಿಜ ಆಗಿದ್ರ ಲೈಸೆನ್ಸ್ ಬೇಕು, ಸುಳ್ಳಾದ್ರ ಮೋಸ. ಎರಡೂ ಕಡೆ ಸಿಕ್ಕಿ ಬೀಳೋದು ಹೇಳಿದವನೇ. "ಆಂಟಿಕ್ ಫಿನಿಶ್" ಅಂದ್ರ ಕೈಕೆಲಸ. ಫಿನಿಶ್ ಅನ್ನೋದು ಬಿಟ್ಟ್ರ ಕಥಿನೇ ಬ್ಯಾರೆ.

ನೀವು ಕೊಳ್ಳುವಾಗ ಏನು ನೋಡಬೇಕು?
• ಹಿಂಬದಿ ನೋಡ್ರಿ. ವೇಷ ಇರೋದು ಮುಂದಷ್ಟೇ.
• ಗರಗಸದ ಗುರುತು. ಕೈಗರಗಸದ್ದು ನೇರ ಗೆರೆ, ಮಷಿನ್ ಚಕ್ರದ್ದು ಕಮಾನು.
• ಪ್ಲಸ್ ತಲೆಯ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಅದು ಬಾಗಲಾ ಮಾಡುವಾಗಲೇ ಹಾಕಿದ್ದಾದರೆ "1850ರ ಬಾಗಲಾ" ಅನ್ನೋ ಮಾತು ನಂಬಬ್ಯಾಡ್ರಿ.
• ಸವೆತಕ್ಕೆ ಕಾರಣ ಕೇಳ್ರಿ. ಕೈ ತಾಗದ ಕಡೆ ನುಣುಪು, ಕಾಲಿಡದ ಕಡೆ ತಗ್ಗು ಇದ್ರ ಸಂಶಯ ಪಡ್ರಿ.

ಭಾಗ 8/8 | ಉತ್ತರ

ಇದನ್ನೆಲ್ಲ ಕಾಕಾಗ ಓದಿ ಹೇಳಿದೆ. ಕುರ್ಚಿ ಕಥಿ ಮಾತ್ರ ಎರಡು ಸಲ ಕೇಳಿದರು.

ಮರುದಿನ ಉಳಿ ತಗೊಂಡು ತಯಾರಾಗಿದ್ದ ಎರಡು ಬಾಗಲದ ಹಿಂಬದಿ, ಮ್ಯಾಲಿನ ಅಡ್ಡಪಟ್ಟಿ ಮ್ಯಾಲೆ ಕೆತ್ತಿದರು: ಊರ ಹೆಸರು, ಈ ವರ್ಷದ ಇಸವಿ. ಗಿರಾಕಿಗೆ ಫೋನ್ ಹಚ್ಚಿ ಹೇಳಿದರು: "ಹಳೇದರಂಗ ಮಾಡಿ ಕೊಡ್ತೀನಿ, ಹಳೇದು ಅಂತ ಹೇಳಂಗಿಲ್ಲ." ಗಿರಾಕಿ ಆ ಎರಡನ್ನ ತಗೊಂಡು ಉಳಿದ ನಾಲ್ಕು ಬಾಗಲಾ ಕ್ಯಾನ್ಸಲ್ ಮಾಡಿದರು. ನಾಲ್ಕು ಬಾಗಲದ ಕೂಲಿ ಅಂದ್ರ ನಮ್ಮ ಮನ್ಯಾಗ ಸಣ್ಣ ರೊಕ್ಕ ಅಲ್ಲ. ಕಾಕು ಎರಡು ದಿನ ನನ್ನ ಕೂಡ ಸರಿಯಾಗಿ ಮಾತಾಡಲಿಲ್ಲ. ಅವರ ಸಿಟ್ಟಿನಾಗ ತಪ್ಪೂ ಇಲ್ಲ.

ಕಾಕಾ ಮಾತ್ರ ಒಂದೇ ಮಾತು ಹೇಳಿದರು: "ಅದು ನೂರು ವರ್ಷದ್ದು ಅಂದ್ರ ನಾ ಮಾಡಿದ್ದು ಅಂತ ಯಾರಿಗೆ ಹೇಳ್ಲಿ?" ನಾನು ಕಾಯ್ದೆ, ಕಲಮು ಅಂತ ಹುಡುಕಾಡಿದ್ದೆ. ಅವರು ಯೋಚನೆ ಮಾಡಿದ್ದು ಇದನ್ನ. ಎಷ್ಟು ಚೊಲೋ ನಕಲು ಮಾಡಿದರೆ ಬಡಿಗನ ಹೆಸರು ಅಷ್ಟು ಪೂರ್ತಿ ಅಳಿಸಿ ಹೋಗತೈತಿ.

ಈಗ ಹಲಗಿ ಉತ್ತರ. ಮೊದಲ ಫೋಟೋದ ಎಡಗಡೆದು ಹಳೇದು. ಜೂಮ್ ಮಾಡ್ರಿ. ಒಂದೇ ಅಂಚಿನಾಗ, ಅಂಗೈ ಅಗಲದಷ್ಟು ಜಾಗ ಮಾತ್ರ ನುಣುಪಾಗೈತಿ. ಅಲ್ಲಿ ಅಗಳಿ ಇತ್ತು. ಮೂರು ತಲೆಮಾರು ಬಾಗಲಾ ತೆಗೆದು ಹಾಕಿದ ಕೈ ಅಲ್ಲಿ ತಾಗೈತಿ. ಬಲಗಡೆದರಾಗ ಕಾಕಾ ಎಲ್ಲ ತಂದಾರ, ಆ ಒಂದು ಜಾಗ ಬಿಟ್ಟು. ಯಾಕ ಬಿಟ್ರಿ ಅಂತ ಕೇಳಿದ್ರ ನಕ್ಕರು.

ನಿಮ್ಮೂರಾಗ ಮನಿ ಕೆಡವುತ್ತಿದ್ರ ಬಾಗಲಾ ಒಲಿಗೆ ಹೋಗೂದರೊಳಗ ಒಂದು ಫೋಟೋ ತಗೀರಿ. ಅಗಳಿ ಹತ್ತಿರದ್ದು ಮರೀಬ್ಯಾಡ್ರಿ. ಮತ್ತ ನೀವು ಎಡಾ ಅಂದಿದ್ರೋ ಬಲಾ ಅಂದಿದ್ರೋ, ಖರೇ ಹೇಳ್ರಿ.

#ಬಾಳೆಹೊಸೂರ #ನಮ್ಮಗದಗ #ಹಳೇಬಾಗಲಾ #ಬಡಿಗತನ