ಸ್ಪೈಕ್ ಆಫ್ ಬೆನ್ಸನ್‌ಹರ್ಸ್ಟ್

ಪಾಲ್ ಮಾರಿಸ್ಸಿಯ ನಿರ್ದೇಶನದಲ್ಲಿ 1988ರಲ್ಲಿ ತೆರೆಕಂಡ ಅಮೆರಿಕದ ಹಾಸ್ಯಚಿತ್ರ. ನ್ಯೂಯಾರ್ಕ್ ನಗರದ ಐದು ಆಡಳಿತ ವಿಭಾಗಗಳಲ್ಲಿ ಒಂದಾದ ಬ್ರೂಕ್ಲಿನ್‌ನ ನೈಋತ್ಯ ಭಾಗದಲ್ಲಿ, ಇಪ್ಪತ್ತನೆಯ ಶತಮಾನದ ಬಹುಕಾಲ ಇಟಾಲಿಯನ್ ಮೂಲದ ಕುಟುಂಬಗಳ ನೆಲೆಯಾಗಿದ್ದ ಬೆನ್ಸನ್‌ಹರ್ಸ್ಟ್ ಎಂಬ ಬಡಾವಣೆಯ ಯುವ ಬಾಕ್ಸರ್ ಸ್ಪೈಕ್ ಫ್ಯೂಮೊ ಇದರ ನಾಯಕ. ಚಿತ್ರಕಥೆಯನ್ನು ಮಾರಿಸ್ಸಿ ಮತ್ತು ನಾಟಕಕಾರ ಅಲನ್ ಬೌನ್ ಸೇರಿ ರಚಿಸಿದರು. ನಾಯಕನ ಪಾತ್ರದಲ್ಲಿ ಸಾಶಾ ಮಿಚೆಲ್, ಬಡಾವಣೆಯ ಮಾಫಿಯಾ ಮುಖಂಡ ಬಾಲ್ಡೊ ಕಚೆಟ್ಟಿಯ ಪಾತ್ರದಲ್ಲಿ ಅರ್ನೆಸ್ಟ್ ಬೋರ್ಗ್‌ನೈನ್ ನಟಿಸಿದ್ದಾರೆ.

ಕಥೆ ಸರಳವಾದುದು. ತಂದೆ ಸೆರೆಮನೆಯಲ್ಲಿರುವ, ತಾಯಿ ಇನ್ನೊಬ್ಬ ಹೆಂಗಸಿನೊಡನೆ ಸಂಸಾರ ಹೂಡಿರುವ ಮನೆಯ ಹುಡುಗ ಸ್ಪೈಕ್, ಬಾಕ್ಸಿಂಗ್‌ನಲ್ಲಿ ಮೇಲೆ ಬರುವ ಹಂಬಲದ ಜೊತೆಗೆ ಬಾಲ್ಡೊನ ಮಗಳು ಏಂಜೆಲ್‌ಳ ಮೇಲೂ ಕಣ್ಣಿಟ್ಟಿರುತ್ತಾನೆ. ಮಗಳನ್ನು ಅಮೆರಿಕದ ಸಂಸತ್ತಿನ ಸದಸ್ಯೆಯೊಬ್ಬಳ ಮಗನಿಗೆ ಕೊಟ್ಟು, ತನ್ನ ಹಣಬಲಕ್ಕೆ ಅಧಿಕಾರಸ್ಥರ ನಂಟನ್ನೂ ಕೂಡಿಸಿಕೊಳ್ಳಲು ಹೊರಟ ಬಾಲ್ಡೊ, ಈ ಹುಡುಗನನ್ನು ಬಡಾವಣೆಯಿಂದಲೇ ಹೊರಹಾಕುತ್ತಾನೆ. ಬ್ರೂಕ್ಲಿನ್‌ನ ಬಂದರು ಪ್ರದೇಶವಾದ ರೆಡ್ ಹುಕ್‌ಗೆ ಹೋಗಿ, ಪೋರ್ಟೊ ರಿಕೊ ಮೂಲದ ಬ್ಯಾಂಡಾನಾ ಎಂಬ ಬಾಕ್ಸರ್‌ನ ಮನೆಯಲ್ಲಿ ತಂಗುವ ಸ್ಪೈಕ್ ಅಲ್ಲಿ ಅವನ ತಂಗಿ ಇಂಡಿಯಾಳನ್ನು ಪ್ರೀತಿಸುತ್ತಾನೆ. ಇಬ್ಬರು ಹುಡುಗಿಯರೂ ಬಸುರಿಯಾದಾಗ ಎರಡು ಮನೆಗಳ ಮರ್ಯಾದೆಯ ಲೆಕ್ಕಾಚಾರ ಒಂದೇ ಹುಡುಗನ ತಲೆಯ ಮೇಲೆ ಬಂದು ಕೂರುತ್ತದೆ. ಚಿತ್ರದ ಹಾಸ್ಯ ಮುಖ್ಯವಾಗಿ ಹುಟ್ಟುವುದು ಈ ಇಕ್ಕಟ್ಟಿನಿಂದ.

ಬಾಕ್ಸಿಂಗ್ ಚಿತ್ರಗಳ ಪರಂಪರೆಯ ಎದುರಿಗಿಟ್ಟು ನೋಡಿದಾಗ ಈ ಕೃತಿಯ ವಿಶೇಷ ಸ್ಪಷ್ಟವಾಗುತ್ತದೆ. 1976ರ ‘ರಾಕಿ’ಯಲ್ಲಿ ಫಿಲಡೆಲ್ಫಿಯಾದ ಬಡ ಇಟಾಲಿಯನ್ ಅಮೆರಿಕನ್ ಬಾಕ್ಸರ್ ತನ್ನ ದೇಹಬಲ ಮತ್ತು ಛಲದಿಂದಲೇ ಲೋಕದ ಗೌರವವನ್ನು ಗಳಿಸುತ್ತಾನೆ, 1980ರ ‘ರೇಜಿಂಗ್ ಬುಲ್’ನಲ್ಲಿ ಬ್ರಾಂಕ್ಸ್‌ನ ನಿಜಜೀವನದ ಬಾಕ್ಸರ್ ಜೇಕ್ ಲಮೊಟಾ ತನ್ನ ಒಳಗಿನ ಕ್ರೌರ್ಯದಿಂದಲೇ ಹಾಳಾಗುತ್ತಾನೆ. ಎರಡರಲ್ಲೂ ರಿಂಗ್ ಎಂಬುದು ಮನುಷ್ಯ ತನ್ನ ನಿಜವನ್ನು ಎದುರಿಸುವ ಸ್ಥಳ. ಮಾರಿಸ್ಸಿಯ ಚಿತ್ರದಲ್ಲಾದರೋ ರಿಂಗ್ ಕೂಡ ಬಡಾವಣೆಯ ವ್ಯವಹಾರದ ಇನ್ನೊಂದು ಕಟ್ಟೆ ಮಾತ್ರ: ಯಾರು ಗೆಲ್ಲಬೇಕೆಂಬುದು ಹೊರಗೇ ತೀರ್ಮಾನವಾಗಿರುತ್ತದೆ, ಮತ್ತು ಸ್ಪೈಕ್‌ಗೆ ಅದು ಅನ್ಯಾಯವೆನಿಸುವುದಿಲ್ಲ, ಅವಕಾಶವೆನಿಸುತ್ತದೆ. ಅವನ ನಿಜವಾದ ಎದುರಾಳಿ ಕೈಗವಸು ತೊಟ್ಟು ಮುಂದೆ ನಿಂತವನಲ್ಲ, ಊಟದ ಮೇಜಿನ ತಲೆಭಾಗದಲ್ಲಿ ಕೂತ ಹುಡುಗಿಯ ತಂದೆ.

ಈ ಚಿತ್ರಣ ಬರಿಯ ಕಲ್ಪನೆಯಲ್ಲ. ಹಣಕ್ಕೋ ಬೆದರಿಕೆಗೋ ಮಣಿದು ಬಾಕ್ಸರ್ ಬೇಕೆಂದೇ ಸೋಲುವುದನ್ನು ಆ ವಲಯದಲ್ಲಿ ‘ಡೈವ್’ ಎನ್ನುತ್ತಾರೆ. ಸೋಲುವವನು ಯಾರೆಂಬುದು ಮೊದಲೇ ಗೊತ್ತಿರುವುದರಿಂದ, ಗೆಲ್ಲುವವನ ಮೇಲೆ ಬಾಜಿ ಕಟ್ಟಿದವರಿಗೆ ನಷ್ಟದ ಭಯವಿರುವುದಿಲ್ಲ. ಸ್ವತಃ ಲಮೊಟಾ, 1947ರಲ್ಲಿ ಬಿಲ್ಲಿ ಫಾಕ್ಸ್ ವಿರುದ್ಧದ ಪಂದ್ಯವನ್ನು ತಾನು ಹೀಗೆಯೇ ಬಿಟ್ಟುಕೊಟ್ಟೆನೆಂದು 1960ರಲ್ಲಿ ಅಮೆರಿಕದ ಸೆನೆಟ್‌ನ ಉಪಸಮಿತಿಯೊಂದರ ಮುಂದೆ ಒಪ್ಪಿಕೊಂಡ. ಚಾಂಪಿಯನ್ ಪಟ್ಟಕ್ಕೆ ಸೆಣಸುವ ಅವಕಾಶ ಪಡೆಯಲು ಬೇರೆ ದಾರಿಯಿರಲಿಲ್ಲವೆಂಬುದು ಅವನ ವಿವರಣೆಯಾಗಿತ್ತು. ಬಾಕ್ಸಿಂಗ್ ಪಂದ್ಯಗಳನ್ನು ತೆರೆಮರೆಯಿಂದ ಹಿಡಿತದಲ್ಲಿಟ್ಟುಕೊಂಡಿದ್ದ ಫ್ರಾಂಕಿ ಕಾರ್ಬೊಗೆ 1961ರಲ್ಲಿ 25 ವರ್ಷಗಳ ಸೆರೆವಾಸವಾಯಿತು. ‘ರೇಜಿಂಗ್ ಬುಲ್’ ಇದೇ ಇತಿಹಾಸವನ್ನು ದುರಂತವಾಗಿ ಕಂಡರೆ, ಮಾರಿಸ್ಸಿ ಅದನ್ನು ದಿನನಿತ್ಯದ ಕುಟುಂಬ ವ್ಯವಹಾರವಾಗಿ ಕಂಡ.

ನಿರ್ದೇಶಕನ ಹಿನ್ನೆಲೆ ಇಲ್ಲಿ ಗಮನಾರ್ಹ. 1938ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಮಾರಿಸ್ಸಿ, ಚಿತ್ರಕಲಾವಿದ ಆ್ಯಂಡಿ ವಾರ್ಹಾಲ್‌ನ ಒಡನಾಟದಲ್ಲಿ ‘ಫ್ಲೆಶ್’ (1968), ‘ಟ್ರ್ಯಾಶ್’ (1970), ‘ಹೀಟ್’ (1972) ಚಿತ್ರಗಳನ್ನು ನಿರ್ದೇಶಿಸಿ ಹೆಸರಾದವನು. ಮಾದಕ ವ್ಯಸನಿಗಳು, ದೇಹ ಮಾರಿಕೊಳ್ಳುವವರು, ನಗರದ ಅಂಚಿಗೆ ಸರಿದವರು ಆ ಚಿತ್ರಗಳಲ್ಲಿ ತುಂಬಿದ್ದರೂ ನಿರ್ದೇಶಕ ಮಾತ್ರ ಕಟ್ಟಾ ಕ್ಯಾಥೊಲಿಕ್, ರಾಜಕೀಯವಾಗಿ ಸಂಪ್ರದಾಯವಾದಿ. ಕಟ್ಟುಪಾಡು ಕಳೆದುಕೊಂಡ ಬದುಕಿನ ಬಗೆಗೆ ಅವನಿಗೆ ಮೆಚ್ಚುಗೆಯಿರಲಿಲ್ಲ, ಆದರೆ ಆ ಬದುಕು ಬಾಳುವ ಜನರ ಮೇಲೆ ಅಪಾರ ಅಕ್ಕರೆಯಿತ್ತು. ಈ ಎರಡರ ನಡುವಣ ಎಳೆದಾಟವೇ ಅವನ ಹಾಸ್ಯದ ಮೂಲ. ಬೌನ್‌ನ ನಾಟಕವನ್ನು ಆಧರಿಸಿದ ‘ಫಾರ್ಟಿ ಡ್ಯೂಸ್’ (1982) ಮತ್ತು ಮ್ಯಾನ್‌ಹಟನ್‌ನ ಮಾದಕ ದ್ರವ್ಯ ವ್ಯಾಪಾರದ ಹುಡುಗರನ್ನು ಕುರಿತ ‘ಮಿಕ್ಸ್ಡ್ ಬ್ಲಡ್’ ಚಿತ್ರಗಳ ನಂತರ ಬಂದ ಈ ಕೃತಿಯಲ್ಲಿ ಆ ಎಳೆದಾಟ ಹೆಚ್ಚು ಹದವಾಗಿದೆ. ಬಾಲ್ಡೊನ ಆಳ್ವಿಕೆ ಅಪರಾಧದ ಆಳ್ವಿಕೆಯಾದರೂ ಅದು ಒಂದು ಕ್ರಮವೆಂಬುದನ್ನು ಚಿತ್ರ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ, ಪ್ರೇಕ್ಷಕರಿಗೆ ಉಪದೇಶ ಮಾಡುವುದಿಲ್ಲ.

ಪಾತ್ರಹಂಚಿಕೆಯಲ್ಲಿ ಬೋರ್ಗ್‌ನೈನ್‌ನ ಆಯ್ಕೆ ಅತ್ಯಂತ ಸಾರ್ಥಕವಾದುದು. ಇಟಲಿಯಿಂದ ವಲಸೆ ಬಂದ ದಂಪತಿಗಳ ಮಗನಾದ ಈ ನಟ, 1955ರ ‘ಮಾರ್ಟಿ’ಯಲ್ಲಿ ಬ್ರಾಂಕ್ಸ್‌ನ ಸಾಧು ಸ್ವಭಾವದ ಇಟಾಲಿಯನ್ ಮೂಲದ ಮಾಂಸದಂಗಡಿಯವನಾಗಿ ಅಭಿನಯಿಸಿ ಆಸ್ಕರ್ ಪ್ರಶಸ್ತಿ ಪಡೆದಿದ್ದ. ಆ ಮನೆಮಾತಿನ ಆತ್ಮೀಯತೆ ಇಲ್ಲಿ ಮಾಫಿಯಾ ಮುಖಂಡನ ಗದರಿಕೆಯೊಳಗೂ ಉಳಿದಿರುವುದರಿಂದ, ಬಾಲ್ಡೊ ಭಯಹುಟ್ಟಿಸುವವನಾಗಿಯೂ ಮಗಳ ವಿಷಯದಲ್ಲಿ ಕಂಗಾಲಾದ ತಂದೆಯಾಗಿಯೂ ನಂಬಿಕೆ ಮೂಡಿಸುತ್ತಾನೆ. ಸಂಸತ್ ಸದಸ್ಯೆಯಾಗಿ ‘ಹೀಟ್’ನ ನಾಯಕಿ ಸಿಲ್ವಿಯಾ ಮೈಲ್ಸ್, ಸ್ಪೈಕ್‌ನ ತಾಯಿಯಾಗಿ ‘ಫ್ಲೆಶ್’ನಲ್ಲಿ ನಟಿಸಿದ್ದ ಜೆರಾಲ್ಡೀನ್ ಸ್ಮಿತ್, ಹೀಗೆ ಮಾರಿಸ್ಸಿಯ ಹಳೆಯ ಬಳಗವೂ ಇಲ್ಲಿದೆ. ಏಂಜೆಲ್ ಆಗಿ ಮರಿಯಾ ಪಿಟಿಲೊ, ಇಂಡಿಯಾ ಆಗಿ ಟಲಿಸಾ ಸೊಟೊ ಕಾಣಿಸಿಕೊಂಡರು. ಸೊಟೊ ಮರುವರ್ಷವೇ ಜೇಮ್ಸ್ ಬಾಂಡ್ ಚಿತ್ರವಾದ ‘ಲೈಸೆನ್ಸ್ ಟು ಕಿಲ್’ನಲ್ಲಿ ನಟಿಸಿದಳು.

ಇಟಾಲಿಯನ್ ಅಮೆರಿಕನ್ ಬದುಕು ಹಾಸ್ಯದ ವಸ್ತುವಾಗಿ ಹಾಲಿವುಡ್‌ಗೆ ಪ್ರಿಯವಾಗಿದ್ದ ಕಾಲವದು. ‘ಪ್ರಿಟ್ಜೀಸ್ ಆನರ್’ (1985), ‘ಮೂನ್‌ಸ್ಟ್ರಕ್’ (1987), ‘ಮ್ಯಾರೀಡ್ ಟು ದ ಮಾಬ್’ (1988) ಒಂದರ ಹಿಂದೊಂದು ಬಂದವು. ಆ ಸಮುದಾಯವೆಂದರೆ ಮಾಫಿಯಾ ಎಂಬ ಸವೆದ ಚಿತ್ರವನ್ನು ಮಾರಿಸ್ಸಿಯೂ ಬಳಸಿಕೊಂಡನೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಎರಡು ವಲಸಿಗ ಸಮುದಾಯಗಳನ್ನು ಮುಖಾಮುಖಿಯಾಗಿಸಿ, ಒಂದರ ಹೊಸಿಲಿನಿಂದ ಇನ್ನೊಂದರ ಹೊಸಿಲಿಗೆ ನಾಯಕನನ್ನು ದಾಟಿಸಿದ್ದು ಆ ಚಿತ್ರಗಳಲ್ಲಿ ಕಾಣದ ಸಂಗತಿ. ಈ ಗಡಿಗಳು ಎಷ್ಟು ಬಿಗಿಯಾಗಿದ್ದವೆಂಬುದಕ್ಕೆ ಕಠೋರ ಸಾಕ್ಷಿ ಬೇಗನೆ ದೊರೆಯಿತು: 1989ರ ಆಗಸ್ಟ್ 23ರಂದು ಹಳೆಯ ಕಾರೊಂದನ್ನು ಕೊಳ್ಳುವ ವಿಚಾರಕ್ಕೆ ಬೆನ್ಸನ್‌ಹರ್ಸ್ಟ್‌ಗೆ ಬಂದಿದ್ದ 16 ವರ್ಷದ ಕಪ್ಪುವರ್ಣೀಯ ಹುಡುಗ ಯೂಸುಫ್ ಹಾಕಿನ್ಸ್‌ನನ್ನು ಬಿಳಿಯ ಯುವಕರ ಗುಂಪು ಅಡ್ಡಗಟ್ಟಿತು, ಗುಂಪಿನಲ್ಲೊಬ್ಬ ಅವನನ್ನು ಗುಂಡಿಕ್ಕಿ ಕೊಂದ. ನಿರ್ದೇಶಕ ಸ್ಪೈಕ್ ಲೀ 1991ರ ತನ್ನ ‘ಜಂಗಲ್ ಫೀವರ್’ ಚಿತ್ರವನ್ನು ಆ ಹುಡುಗನಿಗೆ ಅರ್ಪಿಸಿದ.

ಬೌನ್ 1989ರಲ್ಲಿ ತೀರಿಕೊಂಡ. ಮಿಚೆಲ್ ‘ಡಲ್ಲಾಸ್’ ಮತ್ತು ‘ಸ್ಟೆಪ್ ಬೈ ಸ್ಟೆಪ್’ ಎಂಬ ಟಿವಿ ಧಾರಾವಾಹಿಗಳಿಂದ ಮನೆಮಾತಾದ. ಮಾರಿಸ್ಸಿ ಮಾತ್ರ ಇದರ ಬಳಿಕ ದೀರ್ಘಕಾಲ ಕಥಾಚಿತ್ರ ನಿರ್ದೇಶನದಿಂದ ದೂರವಿದ್ದು, 2010ರಲ್ಲಿ ‘ನ್ಯೂಸ್ ಫ್ರಂ ನೋವೇರ್’ ಚಿತ್ರದೊಡನೆ ಮರಳಿದ. 2024ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನನಾದ.