ಕಟ್ಟಿಸಿದವರು, ಕಟ್ಟಿದವರು

ಚಿತ್ರದುರ್ಗಕ್ಕೆ ಹೋದವರು ಏಳು ಸುತ್ತಿನ ಕೋಟೆ ನೋಡುತ್ತಾರೆ. ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ ಅಂತ ಗುಡಿಗುಡಿಗೂ ಕೈ ಮುಗಿದು ಬರುತ್ತಾರೆ. ನಾವೂ ನೋಡಿದ್ದೇವೆ. ಆದರೆ ನೋಡುವಾಗ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಈ ಬಂಡೆ ಸೀಳಿದವರು, ಹೊತ್ತವರು, ಒಂದರ ಮೇಲೊಂದು ಕೂರಿಸಿದವರು ಯಾರು? ಮೇಲಿನ ಹೊಂಡ ತುಂಬಿದರೆ ಕೆಳಗಿನ ಹೊಂಡಕ್ಕೆ ನೀರು ಹರಿಯೋ ಹಾಗೆ ಅಗೆದರಲ್ಲ, ಆ ಗುದ್ದಲಿ ಹಿಡಿದ ಕೈ ಯಾವ ಕೇರಿಯದು? ಮದ್ದು ಬೀಸುವ ಆ ದೊಡ್ಡ ಬೀಸುಕಲ್ಲುಗಳನ್ನು ಕಡೆದವರು ಯಾವ ಹಟ್ಟಿಯವರು? ಚರಿತ್ರೆ ಪುಸ್ತಕ 'ನಾಯಕರು ಕಟ್ಟಿಸಿದರು' ಅನ್ನುತ್ತದೆ. ಕಟ್ಟಿಸಿದವರು ಸರಿ. ಕಟ್ಟಿದವರು?

ನಾಯಕರನ್ನು ನಾವು ಹಗುರ ಮಾಡುತ್ತಿಲ್ಲ. ಬೇಡರ ಕುಲದಿಂದ ಬಂದು, ವಿಜಯನಗರದ ಕೈಕೆಳಗೆ ಪಾಳೆಯಗಾರರಾಗಿ, ಅದು ಬಿದ್ದ ಮೇಲೂ ಇನ್ನೂರು ವರ್ಷ ದುರ್ಗ ಆಳಿದವರು ಅವರು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ. ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಅವನ ಹಿಂದೆ ಸಾವಿರಾರು ಬೇಡರನ್ನೂ ಅಟ್ಟಿಕೊಂಡು ಹೋದರು. ಅವರ ಗಂಡುಮಕ್ಕಳನ್ನು ಚೇಲಾ ಪಡೆಗೆ ಸೇರಿಸಿದರು. ರಾಜ ಸೋತದ್ದು ಎಲ್ಲರಿಗೂ ಗೊತ್ತು. ಬರಿದಾದ ಆ ಹಟ್ಟಿಗಳ ಕತೆ ಯಾರಿಗೆ ಗೊತ್ತು?

ಇಂಥ ಕೋಟೆಯಲ್ಲಿ ನಮ್ಮವರ ಒಂದು ಹೆಸರು ಉಳಿದಿದೆ. ಉಳಿದಿರೋದು ಹೆಬ್ಬಾಗಿಲಿಗಲ್ಲ, ಬತೇರಿಗಲ್ಲ. ಒಬ್ಬ ಆಳು ನುಸುಳುವಷ್ಟು ಕಿಂಡಿಗೆ. ಓಬವ್ವ ಛಲವಾದಿ ಕುಲದ ಹೆಣ್ಣುಮಗಳು. ಗಂಡ ಕಹಳೆಯ ಮುದ್ದಹನುಮ, ಕೋಟೆಯ ಕಾವಲುಗಾರ. ಅವನು ಉಣ್ಣೋಕೆ ಕೂತಿದ್ದಾಗ ನೀರಿಗೆ ಹೋದವಳು ಕಿಂಡಿಯಲ್ಲಿ ಹೈದರನ ಸಿಪಾಯಿಗಳು ತೂರುವುದನ್ನು ಕಂಡಳು, ಒನಕೆ ತಂದು ಒಬ್ಬೊಬ್ಬರ ತಲೆ ಒಡೆದು ಹೆಣ ಪಕ್ಕಕ್ಕೆ ಎಳೆದಳು ಎನ್ನುವುದು ಜನ ಹೇಳಿಕೊಂಡು ಬಂದ ಕತೆ. ಒನಕೆ ಅರಮನೆಯ ಆಯುಧವಲ್ಲ. ದಿನಾ ಕುಟ್ಟಿ ಕುಟ್ಟಿ ಅಂಗೈ ಜಡ್ಡುಗಟ್ಟಿಸಿದ ದುಡಿಮೆಯ ಸಾಮಾನು.

1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಓಬವ್ವನನ್ನು ಊರೂರಿಗೆ ತಲುಪಿಸಿತು. 2021ರಿಂದ ಸರ್ಕಾರ ನವೆಂಬರ್ 11ಕ್ಕೆ ಜಯಂತಿ ಮಾಡುತ್ತಿದೆ. ಸಂತೋಷ. ಆದರೆ ವೇದಿಕೆ ಮೇಲೆ ನಿಂತವರು 'ವೀರವನಿತೆ' ಅಂತ ಕೊಂಡಾಡಿ, ಅವಳ ಕೇರಿಯ ಹೆಸರು ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಅವಳ ಒನಕೆಯನ್ನು ಇವತ್ತಿನ ಮುಸಲ್ಮಾನ ನೆರೆಯವನ ಮೇಲೆ ಎತ್ತಲು ನೋಡುತ್ತಾರೆ. ಇದೇ ಮದಕರಿ ಮೊದಲು ಹೈದರನ ಜೊತೆಗೂಡಿ ದಂಡೆತ್ತಿ ಹೋದದ್ದೂ ಉಂಟಲ್ಲ! ಅದು ರಾಜ್ಯಕ್ಕಾಗಿ ನಡೆದ ಜಗಳ. ಅದನ್ನು ಧರ್ಮಯುದ್ಧ ಮಾಡಿದರೆ ಲಾಭ ಯಾರಿಗೆ, ಕೇಳಬೇಕು.

ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಕ್ರಿ.ಪೂ. 3ನೇ ಶತಮಾನದ್ದು. ಅದರ ಕೊನೆಗೆ ಲಿಪಿಕಾರ ಚಪಡ ತನ್ನ ಹೆಸರು ಕೊರೆದಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಕೂಲಿಯವನ ಹೆಸರು! ಚಪಡನ ಹೆಸರು ಯಾಕೆ ಉಳಿಯಿತು? ಅವನಿಗೆ ಅಕ್ಷರ ಬರುತ್ತಿತ್ತು. ಕೋಟೆ ಕಟ್ಟಿದವರಿಗೆ ಉಳಿ ಕೊಟ್ಟರು, ಅಕ್ಷರ ಕೊಡಲಿಲ್ಲ. ಓಬವ್ವನನ್ನು ಕಾದದ್ದು ಶಾಸನವಲ್ಲ, ಜನರ ನಾಲಿಗೆ.

ನಮ್ಮ ಎಷ್ಟೋ ಮನೆಗಳಿಗೆ ಅಕ್ಷರ ಬಂದಿರೋದು ಇದೇ ಮೊದಲ ತಲೆಮಾರಿನಲ್ಲಿ. ಅದು ಬರೀ ನೌಕರಿ ಅರ್ಜಿ ತುಂಬೋಕೆ ಬಂದದ್ದಲ್ಲ. ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳನ್ನು ಕೋಟೆಗೆ ಕರಕೊಂಡು ಹೋಗಿ. ರಾಜರ ಪಟ್ಟಿ ಉರು ಹೊಡೆಸೋದಕ್ಕಿಂತ ಮುಂಚೆ ಕಲ್ಲಿನ ಮೇಲಿನ ಉಳಿ ಗುರುತು ಮುಟ್ಟಿಸಿ. ಗೆಳೆಯರೇ, ನಿಮ್ಮ ನಿಮ್ಮ ಕೇರಿಯ ಮುದುಕಿಯರ ಹತ್ತಿರ ಕೂತು, ಯಾವ ಕೆರೆಗೆ ಯಾರು ಮಣ್ಣು ಹೊತ್ತರು, ಯಾವ ಗುಡಿಗೆ ಯಾರು ಕಲ್ಲು ಎಳೆದರು, ಆಮೇಲೆ ಯಾರನ್ನು ಹೊರಗೆ ನಿಲ್ಲಿಸಿದರು ಅಂತ ಕೇಳಿ ಬರೆದಿಡಿ. ಆ ಅಜ್ಜಿಯರು ಹೋದರೆ ಅದೂ ಅವರ ಸಂಗಡ ಮಣ್ಣಿಗೆ ಹೋಗುತ್ತದೆ.