ಮೊಣಕಾಲಿನ ಅಸ್ಥಿಸಂಧಿವಾತದಲ್ಲಿ ರೋಗಿ ಶಿಕ್ಷಣ

ಮೊಣಕಾಲಿನ ಅಸ್ಥಿಸಂಧಿವಾತದಲ್ಲಿ ರೋಗಿ ಶಿಕ್ಷಣವೆಂದರೆ ನೋವಿನ ಸ್ವರೂಪ, ವ್ಯಾಯಾಮ, ತೂಕದ ನಿಯಂತ್ರಣ ಮತ್ತು ಔಷಧ ಬಳಕೆಯನ್ನು ರೋಗಿಗೆ ಕಲಿಸಿಕೊಡುವ ಕ್ರಮ. ನೋವನ್ನು ತಾನೇ ನಿಭಾಯಿಸಬಲ್ಲೆನೆಂಬ ನಂಬಿಕೆಯನ್ನು, ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ 'ಸ್ವಸಾಮರ್ಥ್ಯ'ದ ಪರಿಕಲ್ಪನೆಯಿಂದ ವಿವರಿಸಲಾಗುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಎಲ್ಲ ಬಗೆಯ ಸಂಧಿವಾತ ರೋಗಿಗಳಿಗಾಗಿ ಸ್ವನಿರ್ವಹಣಾ ತರಗತಿಗಳನ್ನು ಆರಂಭಿಸಿದರು. ವಾರಕ್ಕೊಮ್ಮೆಯಂತೆ 6 ವಾರ ನಡೆಯುತ್ತಿದ್ದ ಇವುಗಳ ಬೋಧಕರಲ್ಲಿ ಅನೇಕರು ಸ್ವತಃ ಸಂಧಿವಾತವುಳ್ಳವರು. ಕಲಿತದ್ದನ್ನು ಎಷ್ಟು ಆಚರಿಸಿದರೆಂಬುದಕ್ಕೂ ನೋವು ತಗ್ಗಿದುದಕ್ಕೂ ಇದ್ದ ನಂಟು ದುರ್ಬಲವಾಗಿತ್ತು. ಸ್ವಸಾಮರ್ಥ್ಯದೊಡನೆ ಅದು ಗಟ್ಟಿಯಾಗಿತ್ತು. ಇದನ್ನು ಅಳೆಯುವ ಮಾಪಕವು 1989ರಲ್ಲಿ ಪ್ರಕಟವಾಯಿತು. 1993ರ ವರದಿಯಂತೆ, 4 ವರ್ಷಗಳ ನಂತರ ನೋವು ಸರಾಸರಿ ಶೇ. 20ರಷ್ಟು, ವೈದ್ಯರ ಭೇಟಿ ಶೇ. 40ರಷ್ಟು ಇಳಿದಿದ್ದವು. ಇದೇ ಅವಧಿಯಲ್ಲಿ ದೈಹಿಕ ಅಸಾಮರ್ಥ್ಯ ಶೇ. 9ರಷ್ಟು ಹೆಚ್ಚಿದ್ದರೂ ನೋವು ತಗ್ಗಿದ್ದುದು ಗಮನಾರ್ಹ.

ಆದರೆ ಅಸ್ಥಿಸಂಧಿವಾತವನ್ನಷ್ಟೇ ಪರಿಶೀಲಿಸಿದ 2014ರ ಕಾಕ್ರೇನ್ ವಿಮರ್ಶೆಯು ಇಂಥ ಶಿಕ್ಷಣದ ಲಾಭ ಅತ್ಯಲ್ಪ, ಇಲ್ಲವೇ ಶೂನ್ಯವೆಂದಿತು. ಪಾಠ ಮಾತ್ರ ಸಾಲದೆಂಬುದು ಇದರಿಂದ ಸ್ಪಷ್ಟ. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಆರಂಭವಾದ 'ಗ್ಲ್ಯಾಡ್' ಕಾರ್ಯಕ್ರಮವು ತರಗತಿಗಳ ಜೊತೆಗೆ ಮೇಲ್ವಿಚಾರಣೆಯ 12 ವ್ಯಾಯಾಮ ಅವಧಿಗಳನ್ನು ಒದಗಿಸುತ್ತದೆ. ವ್ಯಾಯಾಮದ ವೇಳೆ ಎಷ್ಟು ನೋವು ಸಹ್ಯವೆಂಬುದನ್ನು ರೋಗಿ ಅಲ್ಲಿ ಮಾಡಿಯೇ ಕಲಿಯುತ್ತಾನೆ.